ದಿನಾ ಎರಡು ಮಾತ್ರೆ, ದಿನಾ ಮೊದಲನೇ ದಿನ

ಅಮ್ಮನ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಮಾತ್ರೆಯ ಖಾಲಿ ತುಂಡುಗಳು. ಕತ್ತರಿಯಲ್ಲಿ ಎರಡೆರಡಾಗಿ ಕತ್ತರಿಸಿದ ಸ್ಟ್ರಿಪ್ಪಿನ ಚೂರುಗಳು. ಎಣಿಸಿದೆ, ಮೂವತ್ತರ ಮೇಲಿದ್ದವು. ಒಂದರಲ್ಲೂ ಪೂರ್ತಿ ಹೆಸರಿಲ್ಲ. ಒಂದರ ಮೇಲೆ ‘ಡೈಕ್ಲೊ’ ಅಂತಿದೆ, ಮಿಕ್ಕಿದ್ದು ಕತ್ತರಿ ಪಾಲು. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅನ್ನುವ ಎಚ್ಚರಿಕೆ ಬರಹ ಬೇರೆ ಯಾರದೋ ಮನೆಗೆ ಹೋಗಿರಬೇಕು.

ನಮ್ಮದು ಪಾವಗಡ ತಾಲೂಕು. ನೀರಿನ ಕಥೆ ನಿಮಗೆ ಗೊತ್ತಿರುವುದೇ. ಮೂಳೆ, ಕೀಲು ಹಾಳುಮಾಡುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ನಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳು ಅದನ್ನು ಯಾವತ್ತೋ ದಾಟಿವೆ. ಈಗ ಶುದ್ಧ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ, ಆದರೆ ಅಷ್ಟರಲ್ಲಿ ಅಮ್ಮನ ವಯಸ್ಸಿನವರೆಲ್ಲ ನಲವತ್ತು ವರ್ಷ ಆ ಹಳೇ ನೀರು ಕುಡಿದಾಗಿತ್ತು. ಮಂಡಿ ಮಡಚಕ್ಕಾಗಲ್ಲ, ಸೊಂಟ ಬಗ್ಗಲ್ಲ. ಕಡ್ಲೆಕಾಯಿ ಕೀಳುವ ಕಾಲದಲ್ಲಿ ಮಾತ್ರ ಬಗ್ಗಲೇಬೇಕು. ಹಾಗಾಗಿ ಮಾತ್ರೆ.

ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಚೀಟಿ ಇಲ್ಲದೆ ಔಷಧಿ ಮಾರಲು ಬಿಡಬೇಕೋ ಬೇಡವೋ ಅನ್ನುವ ಮಾತು ಮೊನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೇಂದ್ರ ಆರೋಗ್ಯ ಸಚಿವಾಲಯ 2022ರ ಮೇ ತಿಂಗಳಲ್ಲಿ ಒಂದು ಕರಡು ಹೊರಡಿಸಿತ್ತು. 16 ಔಷಧಿಗಳಿಗೆ ಚೀಟಿ ಬೇಡ ಅಂತ. ಪ್ಯಾರಸಿಟಮಾಲ್ 500, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್, ಹುಳುಕಡ್ಡಿಗೆ ಕ್ಲೋಟ್ರಿಮಜೋಲ್ ಕ್ರೀಮು, ಮೂಗು ಕಟ್ಟಿದರೆ ಬಿಡುವ ಹನಿ, ಮಲಬದ್ಧತೆಗೆ ಲ್ಯಾಕ್ಟುಲೋಸ್, ಕ್ಯಾಲಮೈನ್ ಲೋಷನ್, ಹೀಗೆ. ಅಮ್ಮನ ಚೂರಿನ ಮೇಲಿದ್ದ ಆ ನೋವಿನ ಔಷಧಿ ಡೈಕ್ಲೊಫೆನಾಕ್ ಕೂಡ ಇದೆ, ಆದರೆ ಹಚ್ಚುವ ಮುಲಾಮು ಮಾತ್ರ, ನುಂಗುವ ಮಾತ್ರೆ ಅಲ್ಲ. ಲೈಸೆನ್ಸ್ ಇರುವ ಅಂಗಡಿಯವರೇ ಮಾರಬೇಕು. ಐದು ದಿನಕ್ಕಿಂತ ಜಾಸ್ತಿ ಬಳಸಬಾರದು, ಕಮ್ಮಿ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ಗುಂಪಿನಲ್ಲಿ ಅರ್ಧ ಜನ ‘ಅಯ್ಯೋ, ಜನ ಸಾಯ್ತಾರೆ’ ಅಂದರು. ಇನ್ನರ್ಧ ಜನ ‘ಈಗೇನು ಚೀಟಿ ಕೇಳ್ತಾರಾ?’ ಅಂದರು. ನಾನು ಎರಡನೇ ಗುಂಪಿನ ಪ್ರಶ್ನೆಯನ್ನೇ ಹಿಡಿದುಕೊಂಡೆ.

ಸತ್ಯವಾಗಿಯೂ ಕೇಳಲ್ಲ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಅಂತ, ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಉದ್ದದ ಪಟ್ಟಿ ಇದೆ, ಡೈಕ್ಲೊಫೆನಾಕ್ ಅದರಲ್ಲೇ ಬರುತ್ತದೆ. 2014ರಿಂದ ಎಚ್1 ಅಂತ ಇನ್ನೊಂದು ಬಂತು, ಕೆಲವು ಆಂಟಿಬಯೋಟಿಕ್, ಟಿಬಿ ಔಷಧಿ, ನಿದ್ದೆ ಮಾತ್ರೆಗಳಿಗೆ. ಅವನ್ನು ಮಾರಿದರೆ ರೋಗಿ ಹೆಸರು, ಡಾಕ್ಟರ್ ಹೆಸರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಕಾನೂನೇನೋ ಗಟ್ಟಿಯಾಗಿಯೇ ಇದೆ. ಅಂಗಡಿ ಮುಂದೆ ನಿಂತರೆ ಬೇರೆ ಲೋಕ.

‘ಅಣ್ಣ, ಮಂಡಿನೋವಿಗೆ ಒಂದು ಡೋಸ್ ಕೊಡಣ್ಣ.’
‘ಹೋದ ಸಲದ್ದೇನಾ ಅಮ್ಮ?’
‘ಹೂಂ, ಅದೇ. ಕೆಂಪಗಿತ್ತಲ್ಲ.’

ಇಷ್ಟೇ ವ್ಯವಹಾರ. ಎರಡು ಮಾತ್ರೆ, ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ, ಪೇಪರ್ ಪೊಟ್ಟಣ. ನಾನು ಪಕ್ಕದಲ್ಲೇ ನಿಂತು ಎಷ್ಟೋ ಸಲ ಫೋನ್‌ಪೇ ಮಾಡಿದ್ದೇನೆ. ಈಗ ಯಾರನ್ನು ಬೈಯಲಿ?

ಅಂಗಡಿಯವನದೇ ತಪ್ಪು ಅನ್ನುವುದು ಸುಲಭ. ಆದರೆ ಅಮ್ಮ ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು, ಫೀಸು, ಅರ್ಧ ದಿನ ಬೆಂಚಿನ ಮೇಲೆ. ಅಷ್ಟೆಲ್ಲ ಆದಮೇಲೆ ಡಾಕ್ಟರು ಎರಡು ನಿಮಿಷದಲ್ಲಿ ಬರೆಯುವುದೂ ಒಂದು ನೋವಿನ ಮಾತ್ರೆಯೇ. ಹಾಗಾಗಿ ಶೀತಕ್ಕೆ, ತರಚು ಗಾಯಕ್ಕೆ, ಜ್ವರಕ್ಕೆ ಚೀಟಿ ಬೇಡ ಅನ್ನುವುದು ನನಗೆ ತಪ್ಪು ಅನಿಸುವುದಿಲ್ಲ. ಇದೇನು ಹೊಸದೂ ಅಲ್ಲ. ಸಾವಿರ ಜನಕ್ಕಿಂತ ಕಮ್ಮಿ ಇರುವ ಹಳ್ಳಿಯಲ್ಲಿ ಲೈಸೆನ್ಸೇ ಇಲ್ಲದೆ ಪ್ಯಾರಸಿಟಮಾಲ್, ಗ್ರೈಪ್ ವಾಟರ್, ನೋವಿನ ಬಾಮು ಮಾರಲು ಹಳೇ ನಿಯಮದಲ್ಲೇ ಅವಕಾಶ ಇದೆ. ನಮ್ಮೂರ ಚಿಲ್ಲರೆ ಅಂಗಡಿಯಲ್ಲಿ ಬೀಡಿ ಕಟ್ಟಿನ ಪಕ್ಕ ಇರುವುದು ಅದೇ.

ನನ್ನ ತಕರಾರು ಆ ಐದು ದಿನದ ಮೇಲೆ. ಯಾರು ಎಣಿಸುತ್ತಾರೆ? ದಿನಾ ಎರಡೆರಡೇ ಕತ್ತರಿಸಿ ಕೊಟ್ಟರೆ ಅಂಗಡಿಯವನಿಗೆ ಅದು ದಿನಾ ಮೊದಲನೇ ದಿನ. ಅಮ್ಮನಿಗೂ ಅಷ್ಟೆ. ಅವಳ ಮೊದಲನೇ ದಿನ ಎರಡು ವರ್ಷ ನಡೆಯಿತು. ಮುಖ, ಕಾಲು ಊದಿಕೊಂಡ ಮೇಲೆ ತುಮಕೂರಿಗೆ ಕರೆದುಕೊಂಡು ಹೋದೆವು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ 2.4, ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಇಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡುತ್ತವೆ, ವಯಸ್ಸಾದವರಿಗೆ, ಅದರಲ್ಲೂ ಬಿಪಿ ಮಾತ್ರೆ ನುಂಗುವವರಿಗೆ ಇನ್ನೂ ಅಪಾಯ ಅಂತ ಡಾಕ್ಟರು ವಿವರಿಸಿದರು. ಅಮ್ಮನಿಗೆ ಬಿಪಿ ಇದೆ. ಅದನ್ನು ಆ ಎರಡು ವರ್ಷದಲ್ಲಿ ಅಂಗಡಿಯವನು ಕೇಳಲೂ ಇಲ್ಲ, ನಾವು ಹೇಳಲೂ ಇಲ್ಲ.

ಹಾಗಾಗಿ ಕರಡು ಬರೆಯುವವರಿಗೆ ನಾನು ಕೇಳುವುದು ಇಷ್ಟೇ. ಚೀಟಿ ಬೇಡದ ಔಷಧಿಯನ್ನು ಕತ್ತರಿಸಿ ಮಾರಬೇಡಿ ಅನ್ನಿ. ಐದು ದಿನಕ್ಕಾಗುವಷ್ಟು ಸಣ್ಣ ಪೊಟ್ಟಣ ಮಾಡಿ, ಹೆಸರು ಮತ್ತು ಯಾರು ನುಂಗಬಾರದು ಅನ್ನುವುದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿ. ನಮ್ಮ ಗಡಿ ಊರುಗಳಿಗೆ ತೆಲುಗಲ್ಲೂ ಹಾಕಿದರೆ ಒಳ್ಳೆಯದೇ. ಮುಲಾಮಿಗೆ ಬಾಗಿಲು ತೆರೆದಾಗ ಅದೇ ಹೆಸರಿನ ಮಾತ್ರೆಯೂ ಹಿಂದೆಯೇ ನುಸುಳುತ್ತದೆ ಅನ್ನುವುದನ್ನೂ ಸ್ವಲ್ಪ ಯೋಚಿಸಿ.

ಆ ನೋವಿನ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಡಾಕ್ಟರು ನೋವಿಗೆ ಉಳಿಸಿದ್ದು ಪ್ಯಾರಸಿಟಮಾಲ್ ಒಂದೇ. ಕರಡಿನ ಆ 16ರಲ್ಲಿ ಅದೂ ಒಂದು. ಅಮ್ಮನಿಗೆ ಅದರ ಮೇಲೆ ನಂಬಿಕೆಯೇ ಇಲ್ಲ. ‘ಬಿಳೀದು ಏನೂ ಕೇಳಲ್ಲ ಕಣೋ’ ಅನ್ನುತ್ತಾಳೆ. ಹೋದ ವಾರ ಪಕ್ಕದ ಮನೆ ದೊಡ್ಡಮ್ಮ ಬಂದು ‘ಆ ಕೆಂಪು ಮಾತ್ರೆ ಮಿಕ್ಕಿದ್ರೆ ಎರಡು ಕೊಡೇ’ ಅಂದರು, ಅಮ್ಮ ಚೀಲಕ್ಕೆ ಕೈ ಹಾಕಿಯೂ ಆಗಿತ್ತು.