ನಾಲ್ಕು ಕುರ್ಚಿ, ಮೂರು ಕಾರ್ಡ್: ನ್ಯಾಶ್‌ವಿಲ್‌ನಲ್ಲಿ ಹಾಡು ಕೇಳುವ ಬಗೆ

ಕಂಟ್ರಿ ಸಂಗೀತ ಅಂದರೆ ಊರಲ್ಲಿ ನಮಗೆ ನೆನಪಾಗುವುದು ಎರಡೇ. ಒಂದು, ಅಗಲ ಅಂಚಿನ ಟೋಪಿ. ಇನ್ನೊಂದು, ಕಾಲೇಜು ಟೂರಿನ ಬಸ್ಸಿನಲ್ಲಿ ಎಲ್ಲರೂ ಗಂಟಲು ಹರಿದುಕೊಂಡು ಹಾಡುವ ಜಾನ್ ಡೆನ್ವರ್‌ನ ಆ ವೆಸ್ಟ್ ವರ್ಜೀನಿಯಾ ಹಾಡು, 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್'. 1971ರಲ್ಲಿ ಬಂದ ಆ ಹಾಡಿಗೆ ಮೊದಲು ಕೈಹಾಕಿದ ಬಿಲ್ ಡ್ಯಾನಾಫ್ ಅಷ್ಟರವರೆಗೆ ವೆಸ್ಟ್ ವರ್ಜೀನಿಯಾದಲ್ಲಿ ಕಾಲಿಟ್ಟವನೇ ಅಲ್ಲ. ಹಾಡಿನ ಎಳೆ ಸಿಕ್ಕಿದ್ದು ಮೇರಿಲ್ಯಾಂಡಿನ ರಸ್ತೆಯೊಂದರಲ್ಲಿ. ಡೆನ್ವರ್ ಹೆಸರು ಎಲ್ಲರಿಗೂ ಗೊತ್ತು, ಡ್ಯಾನಾಫ್ ಹೆಸರು ಕೇಳಿದವರು ಕಡಿಮೆ. ಈ ಸಂಗೀತದ ರುಚಿ ಹತ್ತಬೇಕಾದರೆ ಹಿಡಿಯಬೇಕಾದ್ದು ಆ ಎರಡನೇ ಹೆಸರನ್ನು, ಅಂದರೆ ಬರೆದವರ ಹೆಸರನ್ನು.

ಟೆನೆಸ್ಸಿಯ ನ್ಯಾಶ್‌ವಿಲ್‌ಗೆ ಬರುವ ನಮ್ಮವರು ಸಾಮಾನ್ಯವಾಗಿ ನೇರ ಬ್ರಾಡ್‌ವೇ ಬೀದಿಗೆ ಹೋಗುತ್ತಾರೆ. ನಿಯಾನ್ ದೀಪ, ಬೂಟಿನ ಅಂಗಡಿ, ಬೆಳಿಗ್ಗೆಯಿಂದ ನಡುರಾತ್ರಿ ದಾಟುವವರೆಗೂ ಪಾಳಿಯ ಮೇಲೆ ಪಾಳಿ ಬ್ಯಾಂಡುಗಳು. ಹೆಚ್ಚಿನ ಕಡೆ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಹಾಗೆಂದು ಪುಕ್ಕಟೆ ಅಂದುಕೊಳ್ಳಬೇಡಿ, ವಾದಕರ ಹೊಟ್ಟೆ ತುಂಬುವುದು ಟಿಪ್ಸ್ ಬಕೆಟ್ಟಿನಿಂದಲೇ. ಬೇಕಾದ ಹಾಡು ಕೇಳುವಾಗ ಕೈಯಲ್ಲಿ ನೋಟಿರಲಿ. ವಾದಕರು ಭಾರೀ ಗಟ್ಟಿಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಬರೇ ಹಳೆಯ ಹಿಟ್ ಹಾಡುಗಳು, ಅದೂ ಬಿಯರ್ ಗದ್ದಲದ ನಡುವೆ. ಮಾತಿಗಾಗಿಯೇ ಹುಟ್ಟಿದ ಸಂಗೀತದಲ್ಲಿ ಮಾತೇ ಕೇಳಿಸದಿದ್ದರೆ ಏನು ಬಂತು?

ಅದು ಕೇಳಿಸುವ ಜಾಗ ಊರಿನ ಇನ್ನೊಂದು ಕಡೆ, ಗ್ರೀನ್ ಹಿಲ್ಸ್ ಎಂಬಲ್ಲಿದೆ. ರಸ್ತೆ ಬದಿಯ ಸಾಲು ಅಂಗಡಿಗಳ ನಡುವೆ ಸುಮಾರು 90 ಜನ ಕೂರಬಹುದಾದ ಪುಟ್ಟ ಕೋಣೆ: ಬ್ಲೂಬರ್ಡ್ ಕೆಫೆ. 1982ರಲ್ಲಿ ಏಮಿ ಕರ್ಲಂಡ್ ಇದನ್ನು ತೆರೆದರು. 1985ರಲ್ಲಿ ಡಾನ್ ಶ್ಲಿಟ್ಜ್, ಥಾಮ್ ಶೈಲರ್, ಫ್ರೆಡ್ ನಾಬ್ಲಾಕ್, ಪಾಲ್ ಓವರ್‌ಸ್ಟ್ರೀಟ್ ಎಂಬ ಹಾಡು ಬರೆಯುವ ನಾಲ್ವರು ವೇದಿಕೆ ಬಿಟ್ಟು ಕೋಣೆಯ ನಟ್ಟನಡುವೆ ಎದುರುಬದುರು ಕುರ್ಚಿ ಹಾಕಿಕೊಂಡು ಕೂತರು. ಒಬ್ಬ ಹಾಡಿದ ಮೇಲೆ ಪಕ್ಕದವನ ಸರದಿ, ಹೀಗೆ ಸುತ್ತು. ಇದಕ್ಕೆ ಈಗ 'ರೌಂಡ್' ಅನ್ನುತ್ತಾರೆ. ಊರಿನ ಹತ್ತಾರು ಕೆಫೆಗಳಲ್ಲಿ ಇದೇ ಪದ್ಧತಿ. ಹಾಡಿನ ಮಧ್ಯೆ ಮಾತಾಡಿದರೆ ಇಲ್ಲಿ 'ಶ್‌ಶ್' ಅನ್ನುತ್ತಾರೆ, ಮುಲಾಜಿಲ್ಲ. ಸೀಟು ಆನ್‌ಲೈನಿನಲ್ಲಿ ಬಿಟ್ಟ ಕೆಲವೇ ನಿಮಿಷಗಳಲ್ಲಿ ಖಾಲಿ. ಸಿಗದಿದ್ದರೆ ಸೋಮವಾರದ ಓಪನ್ ಮೈಕ್ ನೋಡಿ: ಹೆಸರಿಲ್ಲದವರು, ಹೊಸ ಹಾಡು, ಕೆಲವು ಸಾಧಾರಣ, ಕೆಲವು ದಂಗುಬಡಿಸುವಂಥವು.

ರೌಂಡಿನಲ್ಲಿ ಹತ್ತಿರದಿಂದ ಗಮನಿಸಬೇಕಾದ್ದು ಹಾಡದೆ ಕೂತ ಮೂವರನ್ನು. ತಾಲೀಮು ಆಗಿರುವುದಿಲ್ಲ, ಹಾಡನ್ನು ಮೊದಲು ಕೇಳಿರಲಿಕ್ಕೂ ಇಲ್ಲ. ಎರಡನೇ ಚರಣದ ಹೊತ್ತಿಗೆ ಒಬ್ಬ ಮೆಲ್ಲಗೆ ಗಿಟಾರಿನಲ್ಲಿ ಸೇರಿಕೊಳ್ಳುತ್ತಾನೆ, ಪಲ್ಲವಿಗೆ ಇನ್ನೊಬ್ಬಳು ಮೇಲಿನ ಸ್ವರದಲ್ಲಿ ದನಿಗೂಡಿಸುತ್ತಾಳೆ. ಇದಕ್ಕೆ ಕಾರಣ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಅಂಕಿಗಳಲ್ಲಿ ಗುರುತಿಸುವ ಇಲ್ಲಿನವರ ಲೆಕ್ಕ: ನ್ಯಾಶ್‌ವಿಲ್ ನಂಬರ್ ಸಿಸ್ಟಮ್. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಶುರು ಮಾಡಿದ್ದು, ಚಾರ್ಲಿ ಮೆಕಾಯ್ ಮೊದಲಾದ ಸ್ಟುಡಿಯೋ ವಾದಕರು ಬೆಳೆಸಿದ್ದು.

ಕರ್ನಾಟಕ ಸಂಗೀತ ಅಷ್ಟಿಷ್ಟು ಕಲಿತವರಿಗೆ ಇದು ಐದು ನಿಮಿಷದ ಪಾಠ. ನಾವು ಯಾವ ಶ್ರುತಿಗೆ ಕೂತರೂ ಸ ಸವೇ, ಪ ಪವೇ ಅಲ್ಲವೇ? ಹಾಗೆಯೇ ಇಲ್ಲಿ 1, 4, 5. ಶಂಕರಾಭರಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 1 ಅಂದರೆ ಸ-ಗ-ಪ ಒಟ್ಟಿಗೆ ನುಡಿದ ಕಾರ್ಡ್. 4 ಅಂದರೆ ಮ-ದ-ಸ. 5 ಅಂದರೆ ಪ-ನಿ-ರಿ. ಎಷ್ಟೋ ಹಾಡುಗಳು ಈ ಮೂರರಲ್ಲೇ ಮುಗಿಯುತ್ತವೆ. 6ರ ಪಕ್ಕ ಸಣ್ಣ ಅಡ್ಡಗೆರೆ ಇದ್ದರೆ ಅದು ಮೈನರ್: ದ-ಸ-ಗ, ಮನಸ್ಸು ಕೊಂಚ ಭಾರವಾಗುವ ಜಾಗ. ಚೀಟಿಯಲ್ಲಿ '1 1 4 1, 1 1 5 5' ಎಂದು ಬರೆದರೆ ಒಂದೊಂದು ಅಂಕಿಗೆ ಒಂದೊಂದು ಬಾರ್, ಅಂದರೆ ನಮ್ಮ ಒಂದು ಆವರ್ತದಂತೆ. ಎರಡು ಅಂಕಿಗಳಿಗೆ ಸೇರಿಸಿ ಅಡಿಗೆರೆ ಎಳೆದರೆ ಎರಡೂ ಒಂದೇ ಬಾರಿನೊಳಗೆ. ಅಂಕಿಯ ಸುತ್ತ ವಜ್ರಾಕಾರ ಬರೆದರೆ ಒಮ್ಮೆ ಮೀಟಿ ಬಿಟ್ಟುಬಿಡಬೇಕು, ನಾದ ತಾನಾಗಿ ತೇಲಲಿ. ಹಾಡುವವರ ಗಂಟಲು ಕಟ್ಟಿದೆ, ಶ್ರುತಿ ಇಳಿಸಬೇಕೇ? ಚೀಟಿ ಬದಲಿಸಬೇಕಿಲ್ಲ.

ಎಡವಟ್ಟಾಗುವುದು ಕೇಪೋದಿಂದ. ಕೇಪೋ ಎಂದರೆ ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್. ಎರಡನೇ ಫ್ರೆಟ್ಟಿಗೆ ಹಾಕಿ ಬೆರಳನ್ನು 'ಜಿ' ಕಾರ್ಡಿನ ಆಕಾರದಲ್ಲಿಟ್ಟರೆ ನುಡಿಯುವುದು 'ಎ'. ಗಿಟಾರಿನವನು ಬೆರಳು ನೋಡಿ 'ಜಿ' ಎಂದು ಹೇಳಿ, ಬೇಸ್ ನುಡಿಸುವವನು ಅದನ್ನೇ ನಂಬಿದರೆ ಇಬ್ಬರಿಗೂ ಒಂದು ಸ್ವರದ ಅಂತರ, ಕೇಳುವವರಿಗೆ ಶಿಕ್ಷೆ. ಅದಕ್ಕೇ ಶ್ರುತಿಯನ್ನು ಒಮ್ಮೆ ಹೇಳಿ, ಆಮೇಲೆ ಅಂಕಿಯಲ್ಲೇ ಮಾತಾಡುತ್ತಾರೆ.

ಇನ್ನು ಆ ಅಳುವಂಥ ದನಿ, ಪೆಡಲ್ ಸ್ಟೀಲ್ ಗಿಟಾರ್. ನಮ್ಮ ಕಿವಿಗೆ ಇದು ಬೇಗ ಒಗ್ಗುತ್ತದೆ, ಯಾಕೆಂದರೆ ಇದರಲ್ಲಿ ಜಾರು ಇದೆ. ಮೇಜಿನಂತೆ ನಿಂತ ವಾದ್ಯ, ಸಾಮಾನ್ಯವಾಗಿ 10 ತಂತಿ, ಎಡಗೈಯಲ್ಲಿ ಉಕ್ಕಿನ ಸರಳು. ಪಾದದ ಪೆಡಲ್ ಒತ್ತಿದರೆ ಒಂದೆರಡು ತಂತಿಗಳ ಬಿಗಿ ಮಾತ್ರ ಹೆಚ್ಚುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಮೊದಲ ಎರಡು ಪೆಡಲ್ ಒಟ್ಟಿಗೆ ಒತ್ತಿದಾಗ ಸರಳು ಕದಲದೆಯೇ ಸ-ಗ-ಪ ಕಾರ್ಡಿನ ಗ ಮಕ್ಕೂ ಪ ದಕ್ಕೂ ಜಾರುತ್ತವೆ; 1 ಹೋಗಿ 4 ಆಯಿತು. ಮೂರು ಸ್ವರಗಳಲ್ಲಿ ಎರಡಕ್ಕೆ ಮಾತ್ರ ಜಾರು, ಮೂರನೆಯದು ಅಲುಗದೆ ನಿಂತಿದೆ: ಕಿವಿಗೆ ಬಿಕ್ಕಳಿಕೆಯಂತೆ ಕೇಳುವುದು ಇದೇ. ಬಲಗಾಲಿನ ವಾಲ್ಯೂಮ್ ಪೆಡಲ್ ತಂತಿ ಮೀಟಿದ ಸದ್ದನ್ನು ಮರೆಮಾಡುತ್ತದೆ, ಹಾಗಾಗಿ ನಾದ ಎಲ್ಲಿಂದಲೋ ತೇಲಿ ಬಂದಂತೆ.

ಬರವಣಿಗೆಯ ಗುಟ್ಟು ಬೇರೆಯೇ. ಇಲ್ಲಿ 'ಹುಕ್' ಅನ್ನುವ ಒಂದು ಸಾಲಿರುತ್ತದೆ, ಬಹಳ ಸಲ ಅದೇ ಹಾಡಿನ ಹೆಸರು. ಪಲ್ಲವಿ ಮರಳಿದಾಗ ಪದ ಅದೇ, ಅರ್ಥ ಮಾತ್ರ ಬೇರೆ ಆಗಿರಬೇಕು. ಇದಕ್ಕೆ ಮೇಲ್ಪಂಕ್ತಿ 1980ರಲ್ಲಿ ಜಾರ್ಜ್ ಜೋನ್ಸ್ ಹಾಡಿದ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ'. ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್‌ಮನ್. ಸಾಯುವವರೆಗೂ ನಿನ್ನನ್ನೇ ಪ್ರೀತಿಸುತ್ತೇನೆ ಎಂದವನ ಕಥೆ. ಇಂದು ಅವನು ಅವಳನ್ನು ಪ್ರೀತಿಸುವುದನ್ನು ನಿಲ್ಲಿಸಿದ ಎಂದು ಪಲ್ಲವಿ ಹೇಳುವಾಗ ಅವನ ಬಾಗಿಲಿಗೆ ಹೂಮಾಲೆ ಬಿದ್ದಿದೆ. 'ಸತ್ತ' ಅನ್ನುವುದನ್ನು ನಾವೇ ಹೇಳಿಕೊಳ್ಳಬೇಕು. ಇಷ್ಟು ಗೋಳಿನ ಹಾಡನ್ನು ಯಾರು ಕೊಳ್ಳುತ್ತಾರೆ ಎಂದು ಜೋನ್ಸ್ ಗೊಣಗಿದ್ದರು. ಅದು ಕಂಟ್ರಿ ಹಿಟ್ ಹಾಡುಗಳ ಪಟ್ಟಿಯ ತುದಿಗೇರಿತು.

ತಾನೇ ಬರೆದು ತಾನೇ ಹಾಡುವವರ ಸಾಲು ಇನ್ನೊಂದು. ನಮ್ಮ ಭಾವಗೀತೆಯಲ್ಲಿ ಕವಿ ಒಬ್ಬರು, ಸ್ವರ ಹಾಕುವವರು ಒಬ್ಬರು, ಹಾಡುವವರು ಮತ್ತೊಬ್ಬರು. ಇವರಲ್ಲಿ ಮೂವರೂ ಒಬ್ಬರೇ, ಕಂಠ ಸುಮಾರಾದರೂ ನಡೆಯುತ್ತದೆ. ಶಿಕಾಗೋ ಪಕ್ಕದ ಮೇವುಡ್‌ನಲ್ಲಿ ಅಂಚೆ ಹಂಚುತ್ತಿದ್ದ ಜಾನ್ ಪ್ರೈನ್ 1971ರ ಮೊದಲ ಆಲ್ಬಮಿನಲ್ಲೇ ಮುದುಕಿಯೊಬ್ಬಳ ಬಾಯಿಂದ ಹಾಡಿದ, ವಿಯೆಟ್ನಾಮಿನಿಂದ ಮರಳಿ ಮಾದಕ ವಸ್ತುವಿಗೆ ಬಲಿಯಾದ ಸೈನಿಕನ ಕಥೆಯನ್ನೂ ಹಾಡಿದ. ಟೆಕ್ಸಸ್‌ನ ಗೈ ಕ್ಲಾರ್ಕ್ ಗಿಟಾರ್ ಮಾಡುವ ಬಡಗಿ ಕೂಡ. ಅವನ ಹಾಡುಗಳಲ್ಲೂ ಒಂದು ಮೊಳೆ ಹೆಚ್ಚಿಲ್ಲ. ಟೌನ್ಸ್ ವ್ಯಾನ್ ಜಾಂಟ್‌ನ ಸ್ಟುಡಿಯೋ ಆಲ್ಬಮುಗಳಲ್ಲಿ ಕೆಲವಕ್ಕೆ ಸಕ್ಕರೆ ಜಾಸ್ತಿ ಸುರಿದಿದ್ದಾರೆ. ಅವನ್ನು ಬದಿಗಿಟ್ಟು, 1973ರಲ್ಲಿ ಹ್ಯೂಸ್ಟನ್ನಿನ ಓಲ್ಡ್ ಕ್ವಾರ್ಟರ್ ಎಂಬ ಸಣ್ಣ ಬಾರಿನಲ್ಲಿ ಮುದ್ರಿಸಿದ್ದನ್ನು ಕೇಳಿ: ಒಂದು ಗಿಟಾರ್, ಒಂದು ದನಿ.

ಇನ್ನೂ ಹತ್ತಿರದ ಕಾಲದ್ದು ಬೇಕಾದರೆ ಲುಸಿಂಡಾ ವಿಲಿಯಮ್ಸ್‌ರ 1998ರ ಆಲ್ಬಮ್ 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್', ಇಲ್ಲವೇ 2001ರಲ್ಲಿ ಬಂದ ಗಿಲಿಯನ್ ವೆಲ್ಚ್‌ರ 'ಟೈಮ್'. ಎರಡನೆಯದರಲ್ಲಿ ಡೇವಿಡ್ ರಾಲಿಂಗ್ಸ್ ನುಡಿಸುವುದು 1935ರ ಎಪಿಫೋನ್ ಒಲಿಂಪಿಕ್, ಆ ಕಾಲದಲ್ಲಿ ಅಗ್ಗದ ಸಣ್ಣ ಗಿಟಾರ್. ದನಿ ಚೂಪು, ಗುಂಯ್‌ಗುಡುವಿಕೆ ಕಡಿಮೆ. ಅದಕ್ಕೇ ಎರಡು ಕಂಠಗಳ ನಡುವೆ ಸಿಕ್ಕಿಹಾಕಿಕೊಳ್ಳದೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ.

ಅಮೆರಿಕದ ದಕ್ಷಿಣದವರ ಎಳೆದಾಡುವ ಉಚ್ಚಾರ ಮೊದಮೊದಲು ತೊಡಕೇ. ಸಾಹಿತ್ಯ ಒಮ್ಮೆ ಓದಿ, ಮುಚ್ಚಿಟ್ಟು, ಆಮೇಲೆ ಹೆಡ್‌ಫೋನಿನಲ್ಲಿ ಕೇಳಿ. ಓದುತ್ತಾ ಕೇಳಿದರೆ ಕಣ್ಣು ಕಿವಿಗಿಂತ ಮುಂದೋಡಿ ಹುಕ್ಕಿನ ಪೆಟ್ಟು ತಪ್ಪಿಹೋಗುತ್ತದೆ. ಹಾಡು ಹಿಡಿಸಿತೇ, ಆಪಿನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ 'ಕ್ರೆಡಿಟ್ಸ್' ತೆರೆದು ಬರೆದವರ ಹೆಸರು ನೋಡಿ, ಮುಂದಿನ ಹುಡುಕಾಟ ಆ ಹೆಸರಿನಲ್ಲೇ ಇರಲಿ. ಎಮಿಲೂ ಹ್ಯಾರಿಸ್ ಹಾಡಿದ, ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ 1983ರಲ್ಲಿ ಪಟ್ಟಿಯ ತುದಿಗೇರಿಸಿದ 'ಪಾಂಚೋ ಆ್ಯಂಡ್ ಲೆಫ್ಟಿ' ಎಂಬ ಡಕಾಯಿತರ ಹಾಡಿನ ಕ್ರೆಡಿಟ್ಸ್ ತೆರೆದರೆ ಸಿಗುವುದು ಟೌನ್ಸ್ ವ್ಯಾನ್ ಜಾಂಟ್.