ಮಾವನ ಗಾಣಕ್ಕೆ ಡೊಮೈನ್ ಹುಡುಕಿದ ಕತೆ

ಹೋದ ವರ್ಷ ಶ್ರಾವಣದಲ್ಲಿ ಒಂದಿನ ಬೆಳಗ್ಗೆ ಆರೂವರೆಗೇ ತಿಪಟೂರಿಂದ ಮಾವನ ಫೋನು. "ಲೇ, ನಮ್ ವೆಬ್‌ಸೈಟ್ ಒತ್ತಿದ್ರೆ ಇಸ್ಪೀಟ್ ಎಲೆ ಬರ್ತೈತಲ್ಲೋ, ಯಾವನೋ ಗಿರಾಕಿ ಫೋನ್ ಮಾಡಿ ಏನ್ರೀ ಯಜಮಾನ್ರೇ ಎಣ್ಣೆ ಬಿಟ್ಟು ರಮ್ಮಿ ಶುರು ಮಾಡಿದ್ರಾ ಅಂತ ಕೇಳ್ತಾನೆ" ಅಂದ್ರು. ನಂಗೆ ಮೊದಲು ನಗು ಬಂತು, ಆಮೇಲೆ ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ನಿಜವಾಗ್ಲೂ ಇಸ್ಪೀಟ್ ಎಲೆ, ಕೆಳಗೆ ಬೋನಸ್ಸು ಗೀನಸ್ಸು ಅಂತ ಕುಣೀತಿರೋ ಬಟನ್ನು.

ಮಾವಂದು ಮರದ ಗಾಣ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಸ್ವಲ್ಪ ಹುಚ್ಚೆಳ್ಳು. ನಾಲ್ಕು ವರ್ಷದ ಹಿಂದೆ ಯಾರೋ ಪರಿಚಯದ ಹುಡುಗ ಎಂಟು ಸಾವಿರ ತಗೊಂಡು ಒಂದು ವೆಬ್‌ಸೈಟ್ ಮಾಡ್ಕೊಟ್ಟಿದ್ದ, ಡೊಮೈನ್ನೂ, ಅಂದ್ರೆ ವೆಬ್‌ಸೈಟಿನ ವಿಳಾಸದ ಹೆಸರನ್ನೂ, ಅವನೇ ತಗೊಂಡಿದ್ದ, ಮಾವ ಆ ಹೆಸರನ್ನ ಬಾಟಲಿ ಸ್ಟಿಕ್ಕರ್ ಮೇಲೆ, ವಿಸಿಟಿಂಗ್ ಕಾರ್ಡ್ ಮೇಲೆ, ಟೆಂಪೋ ಹಿಂದೆ ಎಲ್ಲಾ ಕಡೆ ಬರೆಸಿದ್ರು. ಈಗ ಹುಡುಗನ ನಂಬರ್ ಸ್ವಿಚ್ ಆಫ್. ವೆಬ್‌ಸೈಟ್ ನಮ್ದೇ, ಫೋಟೋ ನಮ್ದೇ, ಆದ್ರೆ ಡೊಮೈನ್ ರಿಜಿಸ್ಟರ್ ಆಗಿದ್ದು ಅವನ ಹೆಸರಲ್ಲಿ, ಅವನ ಮೇಲ್ ಐಡಿಯಲ್ಲಿ. ಮಾವನಿಗೆ ಹೆಂಗೆ ಹೇಳೋದು ಅಂತ ಯೋಚನೆ ಮಾಡಿ ಕೊನೆಗೆ "ಮಾವ, ತೋಟ ಉಳ್ತಿದ್ದೋರು ನೀವು, ಪಹಣಿ ಮಾತ್ರ ಅವನ ಹೆಸರಲ್ಲಿತ್ತು" ಅಂದೆ. ತಕ್ಷಣ ಅರ್ಥ ಆಯ್ತು, ಒಂದು ನಿಮಿಷ ಮಾತೇ ಆಡ್ಲಿಲ್ಲ.

ಅವನು ರಿನ್ಯೂ ಮಾಡದೇ ಹೆಸರು ಕೈ ತಪ್ಪಿತ್ತು, ಆದ್ರೆ ಇದು ಒಂದೇ ರಾತ್ರಿಲಿ ಆಗಿದ್ದಲ್ಲ. ಡಾಟ್ ಕಾಮ್ ಆದ್ರೆ ಅವಧಿ ಮುಗಿಯೋಕೆ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರದ ಮೊದಲು ಒಂದು, ಮುಗಿದ ಮೇಲೆ ಐದು ದಿನದೊಳಗೆ ಇನ್ನೊಂದು ಅಂತ ಡೊಮೈನ್ ಮಾರಿದ ಕಂಪನಿ ನೆನಪಿನ ಮೇಲ್ ಕಳಿಸ್ಲೇಬೇಕು ಅನ್ನೋದು ಐಕಾನ್ ಅಂತ ಈ ಹೆಸರುಗಳನ್ನೆಲ್ಲಾ ನೋಡ್ಕೊಳ್ಳೋ ಸಂಸ್ಥೆಯ ರೂಲು. ಕಳಿಸಿರ್ತಾರೆ, ಹುಡುಗನಿಗೆ. ಮುಗಿದ ಮೇಲೂ ಮಾಮೂಲಿ ರೇಟಲ್ಲೇ ರಿನ್ಯೂ ಮಾಡೋಕೆ ಹೆಚ್ಚಂದ್ರೆ 45 ದಿನ ಸಿಗುತ್ತೆ, ಕಂಪನಿ ಮೇಲೆ ಹೋಗುತ್ತೆ ಅದು, ಆಮೇಲೆ 30 ದಿನ ರಿಡೆಂಪ್ಶನ್ ಅಂತ, ಆಗ ಬಿಡಿಸ್ಕೋಬೇಕು ಅಂದ್ರೆ ಅಡವಿಟ್ಟ ಒಡವೆ ಬಿಡಿಸ್ಕೊಂಡಂಗೆ ಮೇಲೆ ದಂಡ ಬೇರೆ ಕಟ್ಟಬೇಕು, ಆಮೇಲೆ 5 ದಿನ ಯಾರೂ ಏನೂ ಮಾಡೋಕಾಗಲ್ಲ, ಆರನೇ ದಿನ ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು. ಹಂಗೆ ಬೀಳೋ ಹೆಸರಿಗೆ ಸಾಫ್ಟ್‌ವೇರ್ ಇಟ್ಕೊಂಡು ಕಾಯ್ತಾ ಇರೋರೇ ಇದಾರೆ, ಹಳೇ ಹೆಸರಿಗೆ ಅಲ್ಲಿ ಇಲ್ಲಿ ಲಿಂಕ್ ಇರುತ್ತಲ್ಲ, ಅದಕ್ಕೆ ಬೆಲೆ. ನಾವು ನೋಡೋ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಸರಿ, ಹೊಸಾದು ತಗೊಳ್ಳೋಣ, ಈ ಸಲ ನಾನೇ ಮುಂದೆ ನಿಂತು ಮಾಡ್ಸ್ತೀನಿ ಅಂದೆ. ಅಂದಿದ್ದೇ ತಪ್ಪಾಯ್ತು. ನಾನು ಅರ್ಧ ಗಂಟೆ ಕೆಲಸ ಅನ್ಕೊಂಡಿದ್ದೆ, ಹೆಸರು ಸಿಗೋಕೇ ಮೂರು ವಾರ ಹಿಡೀತು, ಯಾಕಂದ್ರೆ ಕನ್ನಡದ ಪದಾನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ಅಂದ್ರೆ ಏನು ಅಂತ ಅಲ್ಲೀವರ್ಗೂ ನಾನು ಯೋಚನೆನೇ ಮಾಡಿರ್ಲಿಲ್ಲ.

ಮೊದಲು ತಲೆಗೆ ಬಂದಿದ್ದು "ಗಾಣದೆಣ್ಣೆ". ಚೆನ್ನಾಗಿದೆ ಅಲ್ವಾ? ಕಿವಿಗೆ ಬಲು ಚೆನ್ನಾಗಿದೆ. ಒಂದು ಪರೀಕ್ಷೆ ಮಾಡಣ ಅಂತ ಐದು ಜನಕ್ಕೆ ಫೋನ್ ಮಾಡಿದೆ, ದಾವಣಗೆರೆ ಅಕ್ಕ, ಹುಬ್ಬಳ್ಳಿಯ ಒಬ್ಬ ಫ್ರೆಂಡು, ಮೈಸೂರಲ್ಲಿರೋ ಚಿಕ್ಕಮ್ಮನ ಮಗಳು, ನಮ್ಮ ಬೀದಿ ಕೊನೆ ಅಂಗಡಿಯವರು, ಆಮೇಲೆ ಆಫೀಸಿನ ಹುಡುಗಿ ಒಬ್ಳು. ಹೆಸರು ಬಾಯಲ್ಲಿ ಮಾತ್ರ ಹೇಳ್ದೆ, ಸ್ಪೆಲ್ಲಿಂಗ್ ಹೇಳ್ಲಿಲ್ಲ, ಬ್ರೌಸರಲ್ಲಿ ಟೈಪ್ ಮಾಡಿ ಅದರ ಫೋಟೋ ಕಳ್ಸಿ ಅಂದೆ. ಐದು ಜನ ಐದು ಸ್ಪೆಲ್ಲಿಂಗು! ಒಬ್ರು 'ಗ' ಆದ್ಮೇಲೆ ಒಂದು ಎ, ಇನ್ನೊಬ್ರು ಎರಡು ಎ. ಅಕ್ಕ ದ ಅನ್ನೋದಕ್ಕೆ ಡಿ ಜೊತೆ ಎಚ್ ಸೇರಿಸಿದ್ಲು, ನಮ್ಮಲ್ಲಿ ಗೀತಾ ಸವಿತಾ ಎಲ್ಲಾ ಟಿ ಎಚ್ ಹಾಕೇ ಬರೆಯೋದು, ಆ ಕೈ ಅಭ್ಯಾಸ. ಆಫೀಸಿನ ಹುಡುಗಿ ಎಣ್ಣೆಗೆ ಮುಂದೆ ವೈ ಹಾಕಿ ಯೆಣ್ಣೆ ಮಾಡಿದ್ಲು. ಅಂಗಡಿಯವರಂತೂ ಗಾಣ ಬಿಟ್ಟು ಮಧ್ಯ ಜಾಗ ಬಿಟ್ಟು ಎಣ್ಣೆ ಅಂತ ಹೊಡೆದ್ರು, ಅದು ಸೀದಾ ಗೂಗಲ್‌ಗೆ ಹೋಗಿ ಹಿಂದಿ ಹಾಡು ತೋರಿಸ್ತು. ಗಾನಾ ಅಂದ್ರೆ ಅಲ್ಲಿ ಹಾಡು ತಾನೇ.

ನಾವು 'ಬರಹ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಬೆಳೆದೋರಿಗೆ ಇನ್ನೊಂದು ಕಷ್ಟ. ಬರಹದಲ್ಲಿ ದೊಡ್ಡ ಎನ್ ಒತ್ತಿದ್ರೆ ಣ, ಸಣ್ಣ ಎನ್ ಆದ್ರೆ ನ, ಹಂಗೇ ದೊಡ್ಡ ಎಲ್ ಳ. ಎಷ್ಟು ಚಂದದ ವ್ಯವಸ್ಥೆ. ಡೊಮೈನ್‌ಗೆ ದೊಡ್ಡಕ್ಷರ ಸಣ್ಣಕ್ಷರ ಎಲ್ಲಾ ಒಂದೇ, ಹಾಗಾಗಿ ಗಾಣ ಗಾನ ಗಣ ಘನ ಎಲ್ಲಾ ಅಲ್ಲಿ ಒಂದೇ ಚೀಲದಲ್ಲಿ. ಎಳ್ಳು ಅಂತ ಇಟ್ರೆ ಎಲ್ಲು ಆಗುತ್ತೆ. ಸಿಗೋದು ಬರೀ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಒಂದು ಹೈಫನ್ನು, ಅದೂ ಮೊದಲಲ್ಲಿ ಕೊನೇಲಿ ಹಾಕೋ ಹಂಗಿಲ್ಲ, ಒಂದು ತುಂಡಿಗೆ 63 ಅಕ್ಷರ ದಾಟೋ ಹಂಗಿಲ್ಲ. ಹೈಫನ್ ಹಾಕೋಣ್ವಾ ಅಂದಿದ್ದಕ್ಕೆ ಮಾವ "ಫೋನಲ್ಲಿ ಹೆಂಗ್ಲಾ ಹೇಳ್ಳಿ, ಗಾಣ ಅಡ್ಡಗೀಟು ಎಣ್ಣೆ ಅಂತಲಾ?" ಅಂದ್ರು. ಬಿಟ್ವಿ.

ಊರಿನ ಹೆಸರು ಸೇರಿಸೋದು ಅತ್ತೆ ಐಡಿಯಾ. ನಂಗೆ ಇಷ್ಟ ಆಗ್ಲಿಲ್ಲ. 2014ರ ನವೆಂಬರ್ 1ಕ್ಕೆ 12 ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ದಿನ ಬದಲಾಯ್ತಲ್ಲ, ನಮ್ ಜಿಲ್ಲೆ ತುಮ್ಕೂರ್ ಹೋಗಿ ತುಮಕೂರು ಆಯ್ತು, ಹಳೇದನ್ನ ಬೋರ್ಡಲ್ಲಿ ಬರೆಸಿದ್ರೆ ಪೇಂಟ್ ಹೊಡೀಬಹುದು, ಡೊಮೈನ್‌ಗೆ ಪೇಂಟ್ ಹೊಡಿಯಕ್ಕಾಗಲ್ಲ, ಹೊಸಾದೇ ತಗೋಬೇಕು. ತಿಪಟೂರು ಆ ಪಟ್ಟಿಲಿ ಇಲ್ಲ, ಆದ್ರೂ ಕೊನೇಲಿ ಯು ಹಾಕೋರೂ ಇದಾರೆ ಹಾಕ್ದೇ ಇರೋರೂ ಇದಾರೆ.

ಮಧ್ಯ ಒಂದು ರಾತ್ರಿ ನಿದ್ದೆಗೆಟ್ಟು ಇನ್ನೊಂದು ಹುಚ್ಚು ಹಿಡಿಸ್ಕೊಂಡೆ. ಡಾಟ್ ಆದ್ಮೇಲೆ ಬರೋ ಎರಡಕ್ಷರ ಒಂದೊಂದು ದೇಶದ್ದಲ್ವಾ, ಡಾಟ್ ಜಿಇ ಜಾರ್ಜಿಯಾ ದೇಶದ್ದು, ಡಾಟ್ ಎಲ್ಐ ಲಿಕ್ಟನ್‌ಸ್ಟೈನ್ ಅಂತ ಯುರೋಪಿನ ಪುಟಾಣಿ ದೇಶದ್ದು. ಅಂದ್ರೆ ಮನೆ ಡಾಟ್ ಗೆ! ಊರಲ್ ಡಾಟ್ ಲಿ! ಕನ್ನಡದ ವಿಭಕ್ತಿ ಪ್ರತ್ಯಯಗಳನ್ನ ಯುರೋಪಿನವರು ಹಂಚ್ಕೊಂಡು ಕೂತಿದಾರೆ. ಬೆಳಗ್ಗೆ ಖುಷಿಯಾಗಿ ಮಾವಂಗೆ ಹೇಳಿದ್ರೆ "ಎಣ್ಣೆ ಮಾರೋದು ಅರಸೀಕೆರೆಗೆ ಕಣೋ" ಅಂದ್ರು.

ಕೊನೆಗೆ ಹೆಸರು ಕೊಟ್ಟಿದ್ದು ಅಜ್ಜಿ. ತಾತನ ಕಾಲದಲ್ಲಿ ಗಾಣ ತಿರುಗಿಸ್ತಿದ್ದ ಎತ್ತಿನ ಹೆಸರು ಕೆಂದ. ದೀರ್ಘ ಇಲ್ಲ, ಮಹಾಪ್ರಾಣ ಇಲ್ಲ, ಣಳ ಇಲ್ಲ. ಮತ್ತೆ ಅದೇ ಐದು ಜನಕ್ಕೆ ಫೋನ್ ಮಾಡಿದೆ, ಪಾಪ ಬೈಕೊಂಡೇ ಟೈಪ್ ಮಾಡಿದ್ರು, ಐದಕ್ಕೆ ಐದೂ ಒಂದೇ ಸ್ಪೆಲ್ಲಿಂಗು, ಅಕ್ಕ ಕೂಡ ಈ ಸಲ ಎಚ್ ಹಾಕ್ಲಿಲ್ಲ. ಕುಣಿದಾಡೋದೊಂದು ಬಾಕಿ. ಅಷ್ಟರಲ್ಲಿ ಮಾವನ ಮಗಳು ನನ್ನ ಮೊಬೈಲ್ ನೋಡಿ "ಎಣ್ಣೆ ಅಂಗಡಿಗೆ ಕೆಂಡ ಅಂತ ಯಾಕಿಡ್ತಿದೀರ?" ಅಂದ್ಲು. ಬರೆಯೋವಾಗ ಸರಿ, ಓದೋವಾಗ ಕೆಂಡ! ಪರೀಕ್ಷೆ ಒಂದು ಕಡೆಯಿಂದ ಮಾತ್ರ ಮಾಡಿದ್ನಲ್ಲ, ಕೇಳಿ ಬರೆಯೋದು ನೋಡಿದೆ, ಬರೆದಿದ್ದನ್ನ ಓದ್ಸೇ ಇರ್ಲಿಲ್ಲ. ಮಾವ ಮಾತ್ರ ಪಟ್ಟು ಬಿಡ್ಲಿಲ್ಲ, ಲೇಬಲ್ ಮೇಲೆ ಕೆಂಪೆತ್ತಿನ ಚಿತ್ರ ಹಾಕಿ ಕನ್ನಡದಲ್ಲಿ ದೊಡ್ಡದಾಗಿ ಬರ್ಸಣ, ಎತ್ತು ನೋಡಿದ್ಮೇಲೂ ಕೆಂಡ ಅಂತ ಓದೋನು ನಮ್ ಎಣ್ಣೆ ತಗೊಳ್ದಿದ್ರೆ ಬ್ಯಾಡ ಅಂದ್ರು.

ಆ ಹೆಸರಲ್ಲಿ ತೈವಾನ್‌ನಲ್ಲಿ ದೊಡ್ಡ ಟೈರ್ ಕಂಪನಿ ಇದೆ ಅಂತ ಗೊತ್ತಾಗಿದ್ದೂ ಅವತ್ತೇ. ಹಾಗಾಗಿ ಬರೀ ಎತ್ತಿನ ಹೆಸರನ್ನ ಮುಟ್ಟೋಕೆ ಹೋಗ್ಲಿಲ್ಲ, ಮುಂದೆ ಆಯಿಲ್ ಸೇರಿಸಿದ್ವಿ. ಟ್ರೇಡ್‌ಮಾರ್ಕ್ ಲೆಕ್ಕದಲ್ಲಿ ಟೈರು 12ನೇ ಕ್ಲಾಸು, ಅಡುಗೆ ಎಣ್ಣೆ 29ನೇದು, ಬೇರೆ ಬೇರೆ. ಆದ್ರೂ ಇನ್ನೊಬ್ರ ಬ್ರ್ಯಾಂಡ್ ಹೆಸರನ್ನ ಕೆಟ್ಟ ಉದ್ದೇಶದಿಂದ ಹಿಡ್ಕೊಂಡ್ರೆ ಡಾಟ್ ಇನ್‌ಗೂ ದೂರು ಕೊಟ್ಟು ಕಿತ್ಕೊಳ್ಳೋ ವ್ಯವಸ್ಥೆ ಇದೆ, ಅದಕ್ಕೆ ದುಡ್ಡು ಕಟ್ಟೋ ಮುಂಚೆ ಸರ್ಕಾರದ ಟ್ರೇಡ್‌ಮಾರ್ಕ್ ಸೈಟಲ್ಲಿ ಒಂದು ಸಲ ಹುಡುಕಿ ನೋಡಿದ್ವಿ, ಅದು ಪುಕ್ಕಟೆ.

ಡಾಟ್ ಇನ್ನೇ ತಗೊಂಡ್ವಿ. ಇದನ್ನ ನಡ್ಸೋದು ನಿಕ್ಸಿ ಅಂತ ನಮ್ಮ ದೇಶದ್ದೇ ಒಂದು ಸಂಸ್ಥೆ, 2005ರಲ್ಲಿ ಎಲ್ರಿಗೂ ಸಲೀಸಾಗಿ ಸಿಗೋ ಹಂಗೆ ಮಾಡಿದ್ಮೇಲೇ ಇದು ಓಡೋಕೆ ಶುರುವಾಗಿದ್ದು. ರಿಜಿಸ್ಟರ್ ಮಾಡೋದೇನೋ ಹತ್ತು ನಿಮಿಷ, ಆದ್ರೆ ಆ ಹತ್ತು ನಿಮಿಷದಲ್ಲಿ ಕಣ್ಣು ಬಿಟ್ಕೊಂಡಿರ್ಬೇಕು. ಮೊದಲ ವರ್ಷದ ರೇಟು ದಪ್ಪಕ್ಷರದಲ್ಲಿ ಕಾಫಿ ಬೆಲೆಗೆ ಇರುತ್ತೆ, ರಿನ್ಯೂವಲ್ ರೇಟು ಕೆಳಗೆ ಬೂದು ಬಣ್ಣದಲ್ಲಿ ಇರುತ್ತೆ, ನೋಡ್ಬೇಕಾಗಿರೋದು ಆ ಬೂದು ಬಣ್ಣದ್ದು. ಆಮೇಲೆ ನಾವು ಕೇಳ್ದೇನೇ ಹೋಸ್ಟಿಂಗು, ಮೇಲು, ಅದೇನೋ ರಕ್ಷಣೆ ಅಂತ ಬುಟ್ಟಿಗೆ ಹಾಕಿರ್ತಾರೆ, ಎಲ್ಲಾ ಟಿಕ್ ತೆಗೆದೆ.

ಮಾವಂಗೆ ಬೇಜಾರಾಗಿದ್ದು ಇದು ಯಾವತ್ತೂ ಕ್ರಯ ಆಗಲ್ಲ ಅನ್ನೋದು. ಒಂದೇ ಸಲಕ್ಕೆ ಹೆಚ್ಚಂದ್ರೆ 10 ವರ್ಷ. "ಗುತ್ತಿಗೆ ಅನ್ನು" ಅಂದ್ರು. ಹೌದು, ಗುತ್ತಿಗೆನೇ. ಆಟೋ ರಿನ್ಯೂವಲ್ ಇಡ್ಬಹುದು, ಆದ್ರೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ ಕಾರ್ಡಿಂದ ತಾನಾಗೇ ದುಡ್ಡು ಹೋಗೋಕೆ ಮೊದಲೇ ಅನುಮತಿ ರಿಜಿಸ್ಟರ್ ಆಗಿರ್ಬೇಕು, ಹೊರದೇಶದ ಕಂಪನಿಗಳಿಗೆ ಎಷ್ಟೋ ಸಲ ಸುಮ್ನೆ ಫೇಲ್ ಆಗುತ್ತೆ, ಅದನ್ನ ನಂಬ್ಕೊಂಡು ಕೂತ್ರೆ ಮತ್ತೆ ಇಸ್ಪೀಟ್ ಎಲೆ. ಅದಕ್ಕೆ ಐದು ವರ್ಷದ್ದು ಒಟ್ಟಿಗೇ ಕಟ್ಟಿದ್ವಿ. ಹೆಸರು ಮಾವಂದು, ಫೋನ್ ನಂಬರ್ ಮಾವಂದು, ಮೇಲ್ ಐಡಿ ಬೇರೆ ಯಾವ ಡೊಮೈನ್ ಮೇಲೂ ನಿಂತಿಲ್ಲದ ಮಾಮೂಲಿ ಜಿಮೇಲು, ಪಾಸ್‌ವರ್ಡ್ ಅತ್ತೆಯ ಲೆಕ್ಕದ ಪುಸ್ತಕದಲ್ಲಿ. ನಾನೂ ನಾಳೆ ಫೋನ್ ಎತ್ತದೇ ಇರ್ಬಹುದಲ್ಲ! ಎರಡು ದಿನಕ್ಕೇ ಮಾವಂಗೆ ಸರ್ ವೆಬ್‌ಸೈಟ್ ಮಾಡ್ಸ್ತೀರಾ ಅಂತ ಫೋನ್ ಮೇಲೆ ಫೋನು, ಒಬ್ಬನಿಗೆ ಎರಡು ಲೀಟರ್ ಕೊಬ್ಬರಿ ಎಣ್ಣೆ ಮಾರಿದ್ರಂತೆ.

ಆಸೆಗೆ ಅಂತ ಕನ್ನಡ ಲಿಪಿಲೂ ಒಂದು ತಗೊಂಡಿದೀವಿ, ಡಾಟ್ ಭಾರತ. ಇದೂ ನಿಕ್ಸಿದೇ, ಇಲ್ಲಿ ಗಾಣದೆಣ್ಣೆ ಗಾಣದೆಣ್ಣೆಯಾಗೇ ಇರುತ್ತೆ, ಣ ಣನೇ, ದೀರ್ಘ ದೀರ್ಘನೇ, ಮಾವ ಸ್ಕ್ರೀನ್ ಮೇಲೆ ನೋಡಿ ಸುಮಾರು ಹೊತ್ತು ಸುಮ್ನೆ ಕೂತಿದ್ರು. ಆದ್ರೆ ಒಳಗಡೆ ಕಂಪ್ಯೂಟರಿಗೆ ಕನ್ನಡ ಬರಲ್ಲ, ಅದನ್ನ ಎಕ್ಸ್ ಎನ್ ಅಂತ ಶುರುವಾಗಿ ಎರಡು ಹೈಫನ್ ಬಂದು ಮುಂದೆ ಬಾಯಿಗೆ ಬಂದಂಗೆ ಅಕ್ಷರ ಇರೋ ಒಂದು ರೂಪಕ್ಕೆ ತಿರುಗಿಸ್ಕೊಂಡೇ ಹುಡುಕೋದು, ಪ್ಯುನಿಕೋಡ್ ಅಂತಾರೆ. ಬ್ರೌಸರಿಂದ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಎಷ್ಟೋ ಸಲ ಆ ರೂಪನೇ ಬರುತ್ತೆ. ಮಾವ ಗಿರಾಕಿಗಳ ಗುಂಪಿಗೆ ಹಾಕಿದ್ರು, ಒಬ್ರು ಯಾರೂ ಒತ್ಬೇಡಿ ಅಕೌಂಟ್ ಖಾಲಿಯಾಗುತ್ತೆ ಅಂತ ಕೆಳಗೆ ಬರೆದ್ರು. ನಂಗೆ ತುಂಬಾ ಬೇಜಾರಾಯ್ತು. ಆದ್ರೆ ಟೆಂಪೋ ಹಿಂದೆ, ಸಂತೆ ಬ್ಯಾನರ್ ಮೇಲೆ ಅದನ್ನೇ ಬರ್ಸಿದೀವಿ, ಮೊಬೈಲಲ್ಲಿ ಕನ್ನಡ ಕೀಬೋರ್ಡ್ ಇರೋರು ಈಗ ಎಷ್ಟೊಂದು ಜನ.

ಹಳೇ ಸ್ಟಿಕ್ಕರ್ ಇನ್ನೂ ಮೂರು ಬಂಡಲ್ ಅಟ್ಟದ ಮೇಲಿದೆ. ಅತ್ತೆಗೆ ಎಸೆಯೋಕೆ ಮನಸ್ಸಿಲ್ಲ. ಸಂಜೆ ಟಿವಿ ಮುಂದೆ ಕೂತು ಕಪ್ಪು ಮಾರ್ಕರ್ ಹಿಡ್ಕೊಂಡು ಕೆಳಗಿನ ವೆಬ್‌ಸೈಟ್ ಸಾಲು ಒಂದೊಂದೇ ಹೊಡೆದು ಹಾಕ್ತಾರೆ, ಆ ಬಾಟಲಿಗಳು ನೆಂಟರ ಮನೆಗೆ.