ಎಲ್ಲ ರೇಡಿಯೋಗಳೂ ಒಟ್ಟಿಗೆ

ಭಾನುವಾರ, 18 ಆಗಸ್ಟ್ 2024

ನಿನ್ನೆ ರಾತ್ರಿ ಎರಡು ಸಾಕ್ಷ್ಯಚಿತ್ರಗಳನ್ನು ಒಂದರ ಬೆನ್ನಿಗೊಂದು ನೋಡಿದೆ. ಎರಡೂ 2005ರವು. ಎರಡರಲ್ಲೂ ಅಮೆರಿಕದ ಹಾಡುಗಾರ, ಮನೋರೋಗ, ಮತ್ತು ಸುಸ್ತಾದ ಒಂದು ಕುಟುಂಬ.

ಮೊದಲನೆಯದು 'ದಿ ಡೆವಿಲ್ ಅಂಡ್ ಡೇನಿಯಲ್ ಜಾನ್‌ಸ್ಟನ್'. ಡೇನಿಯಲ್ ಮನೆಯಲ್ಲೇ ಕುಳಿತು ಕ್ಯಾಸೆಟ್ಟಿಗೆ ಹಾಡು ತುಂಬುತ್ತಿದ್ದ. ಪ್ರತಿ ತೆಗೆಯುವ ಅನುಕೂಲವಿಲ್ಲ. ಯಾರಿಗಾದರೂ ಒಂದು ಕೊಡಬೇಕೆಂದರೆ ಇಡೀ ಆಲ್ಬಮ್ಮನ್ನು ಮತ್ತೆ ಮೊದಲಿನಿಂದ ಹಾಡುತ್ತಿದ್ದನಂತೆ! ಅಮ್ಮ ಬೈದದ್ದೂ ಟೇಪಿನಲ್ಲಿ ಉಳಿದಿದೆ. 1990ರಲ್ಲಿ ಆಸ್ಟಿನ್‌ನಲ್ಲಿ ಹಾಡುವ ಮುನ್ನ ಮಾತ್ರೆ ನಿಲ್ಲಿಸಿಬಿಟ್ಟಿದ್ದ. ಜನ ಮನಸಾರೆ ಚಪ್ಪಾಳೆ ತಟ್ಟಿದರು. ಅದರ ಲೆಕ್ಕ ಚುಕ್ತಾ ಆದದ್ದು ಆಕಾಶದಲ್ಲಿ, ಅಪ್ಪನ ಪಾಲಿಗೆ. ಅಪ್ಪನೇ ನಡೆಸುತ್ತಿದ್ದ ಪುಟ್ಟ ವಿಮಾನದಲ್ಲಿ ಮನೆಗೆ ಮರಳುವಾಗ, ತಾನು ಕ್ಯಾಸ್ಪರ್ ಎಂಬ ಕಾರ್ಟೂನು ಭೂತವೆಂದು ನಂಬಿದ ಮಗ ಕೀಲಿ ಕಿತ್ತು ಹೊರಗೆಸೆದ. ವಿಮಾನ ಮರಗಳ ಮೇಲೆ ಬಿತ್ತು. ಇಬ್ಬರೂ ಬದುಕಿದರು. ಈ ಕಥೆ ಹೇಳುವಾಗ ಆ ಹಿರಿಯರ ಗಂಟಲು ಕಟ್ಟುತ್ತದೆ. ಹುಚ್ಚಿನಿಂದಲೇ ಕಲೆ ಹುಟ್ಟುತ್ತದೆ ಎಂದು ಸಲೀಸಾಗಿ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ನಿನ್ನೆಯಿಂದ ಇನ್ನೂ ಜಾಸ್ತಿಯಾಗಿದೆ.

ಎರಡನೆಯದು ರಾಕಿ ಎರಿಕ್ಸನ್‌ನದು, 'ಯು ಆರ್ ಗೊನ್ನ ಮಿಸ್ ಮಿ'. 1969ರಲ್ಲಿ ಒಂದೇ ಒಂದು ಗಾಂಜಾ ಸಿಗರೇಟಿನೊಂದಿಗೆ ಸಿಕ್ಕಿಬಿದ್ದ. ಜೈಲು ತಪ್ಪಿಸಿಕೊಳ್ಳಲು ಬುದ್ಧಿಸ್ವಾಧೀನವಿಲ್ಲ ಎಂದು ವಾದಿಸಿ, ರಸ್ಕ್ ಮಾನಸಿಕ ಆಸ್ಪತ್ರೆ ಸೇರಿದ. ಹೊರಬಂದದ್ದು 1972ರಲ್ಲಿ. ಸಿನಿಮಾದಲ್ಲಿ ಅವನಿಗೆ ವಯಸ್ಸಾಗಿದೆ. ಮನೆಯಲ್ಲಿರುವ ರೇಡಿಯೋ, ಟಿವಿ ಎಲ್ಲವನ್ನೂ ಒಟ್ಟಿಗೆ, ಜೋರಾಗಿ ಹಾಕುತ್ತಾನೆ. ಒಂದು ಸದ್ದೂ ಬಿಡಿಯಾಗಿ ಕೇಳದು. ಕಪ್ಪು ಕನ್ನಡಕ ಹಾಕಿ, ನೆಮ್ಮದಿಯಿಂದ ಮಲಗುತ್ತಾನೆ.

ತಾಯಿಗೆ ಔಷಧಿಯಲ್ಲಿ ನಂಬಿಕೆಯಿಲ್ಲ. ಸಿನಿಮಾ ಆಕೆಯ ಮೇಲೆ ತುಸು ಕಟುವಾಗಿದೆ ಎನ್ನಿಸಿತು. ಅಷ್ಟು ವರ್ಷ ನೋಡಿಕೊಂಡವಳೂ ಅವಳೇ ಅಲ್ಲವೇ? ಟ್ಯೂಬಾ ನುಡಿಸುವ ತಮ್ಮ ಸಮ್ನರ್ 2001ರಲ್ಲಿ ಕಾನೂನಿನ ಮೂಲಕ ಅಣ್ಣನ ಪೋಷಕನಾದ. ಚಿಕಿತ್ಸೆ ಸಿಕ್ಕಿತು, ಹಲ್ಲು ಸರಿಯಾಯಿತು, ರಾಕಿ ಮತ್ತೆ ವೇದಿಕೆ ಹತ್ತಿದ. ಇಬ್ಬರು ಗಾಯಕರೂ 2019ರಲ್ಲಿ ತೀರಿಕೊಂಡರು.

ಬೆಳಿಗ್ಗೆ ಎದ್ದು ಆ ರೇಡಿಯೋ ದೃಶ್ಯವನ್ನು ಇಯರ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಒಂದು ನಿಮಿಷವೂ ತಡೆಯಲಾಗದೆ ಕಿತ್ತಿಟ್ಟೆ. ಪರದೆಯ ಮೇಲೆ ರಾಕಿ ಹಾಯಾಗಿ ಮಲಗಿಯೇ ಇದ್ದ.